ಕೊಕ್ಕರೆ ಸಾಬೂನಿನ ಕಾಕಾ

ಹಳೆಯ ಟ್ರಂಕು ತೆಗೆದಾಗ ಸೀರೆಗಳ ನಡುವೆ ಒಂದು ಸಾಬೂನಿನ ಬಿಲ್ಲೆ ಸಿಕ್ಕಿತು. ಕಲ್ಲಿನಂತೆ ಒಣಗಿದೆ, ಮೇಲಿನ ಕೊಕ್ಕರೆಯ ಅಚ್ಚು ಸವೆದಿದೆ. ಆದರೆ ಹಿಪ್ಪೆ ಎಣ್ಣೆಯ ಆ ಕಮಟು ವಾಸನೆ ಮಾತ್ರ... ಗೋಕಾಕದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಕಾಕಾ ಎದುರಿಗೇ ಬಂದು ನಿಂತಂತಾಯಿತು.

ಸ್ವಾತಂತ್ರ್ಯ ಬಂದು ಕೆಲವೇ ವರ್ಷವಾಗಿತ್ತು. ನಾನು ಮದುವೆಯಾಗಿ ಆ ಓಣಿಗೆ ಬಂದ ಹೊಸತು. ಚೆನ್ನಾಗಿ ನಡೆಯುತ್ತಿದ್ದ ಎಣ್ಣೆ ಅಂಗಡಿ ಮಾರಿ, ಜನ ಮರೆತೇಬಿಟ್ಟಿದ್ದ ಕೊಕ್ಕರೆ ಸಾಬೂನಿನ ಹೆಸರು, ಅಚ್ಚು, ಕಡಾಯಿ ಎಲ್ಲವನ್ನೂ ಕಾಕಾ ಕೊಂಡಿದ್ದರು. ಅದು ಓಡದಿದ್ದರೆ ಮನೆಯ ಒಲೆ ಉರಿಯುವಂತಿರಲಿಲ್ಲ. ಜಾಹೀರಾತೆಂದರೆ ಅವರ ಮೈಮೇಲಿನ ಧೋತರ. ಮೂಡಲಗಿ, ಹುಕ್ಕೇರಿ, ಅಂಕಲಗಿ... ಯಾವ ಸಂತೆಯಲ್ಲಿ ನಿಂತರೂ ಕಣ್ಣು ಕುಕ್ಕುವ ಬಿಳಿ. ಅದು ಮಾಸಬಾರದೆಂದು ಬಸ್ಸಿನಲ್ಲಿ ಕೂರುತ್ತಿರಲಿಲ್ಲ, ಎಲೆಅಡಿಕೆ ಬಿಟ್ಟಿದ್ದರು, ಹೋಳಿ ಹುಣ್ಣಿಮೆಗೆ ಒಳಗಿನಿಂದ ಅಗುಳಿ ಹಾಕಿಕೊಂಡಿರುತ್ತಿದ್ದರು.

ಗುಟ್ಟು ನನಗೆ ತಿಳಿದದ್ದು ಘಟಪ್ರಭೆಯ ದಂಡೆಯಲ್ಲಿ. ಅವರ ಹೆಂಡತಿ, ನಮ್ಮ ಕಾಕು, ಆ ಧೋತರವನ್ನು ಕೊಳೆ ಬಿಡಿಸುವ ಚೌಳು ಮಣ್ಣಿನಲ್ಲಿ ನೆನೆಸಿ ಕಲ್ಲಿಗೆ ಬಡಿಯುತ್ತಿದ್ದರು. ಸಾಬೂನಿನ ಸುಳಿವೇ ಇಲ್ಲ!

"ಮಾರೋ ಮಾಲ ನಾವ ತಿಕ್ಕಿ ತೀರಿಸಿದ್ರ ಹೆಂಗವ್ವಾ? ಮ್ಯಾಲ ಅದರ್ಲೆ ಕೊಳೀನೂ ಹೋಗಂಗಿಲ್ಲ. ನಿಮ್ಮ ಕಾಕಾಗ ಹೇಳಬ್ಯಾಡ, ಎದಿ ಒಡಕೊಂತಾರ."

ಮುಂದೊಮ್ಮೆ ಕಾಕು ತಂಗಿಯ ಬಾಣಂತನಕ್ಕೆಂದು ತವರು ಘೋಡಗೇರಿಗೆ ಹೋದರು. ಕಾಕಾ ಹೆಮ್ಮೆಯಿಂದ ತಮ್ಮ ಸಾಬೂನಿನಲ್ಲಿ ತಾವೇ ಒಗೆದುಕೊಂಡರು. ಧೋತರ ಗೋಧಿ ಹಿಟ್ಟಿನ ಬಣ್ಣಕ್ಕೆ ತಿರುಗಿತು. ಮೂಡಲಗಿ ಸಂತೆಯಲ್ಲಿ ಜನ ನಕ್ಕು ಕಳಿಸಿದರು, ಒಂದು ಬಿಲ್ಲೆಯೂ ಹೋಗಲಿಲ್ಲ. ಸಂಜೆ ನಮ್ಮ ಬಾಗಿಲಿಗೆ ಬಂದು ನಿಂತರು.

"ತಂಗಿ, ಖರೆ ಹೇಳವ್ವಾ, ನನ್ನ ಸಾಬಾಣ ಕೆಟ್ಟೈತೇನು?"

ಆ ಮುಖ ನೋಡಲಾಗಲಿಲ್ಲ. "ಸಾಬಾಣ ಛಲೋನ ಐತ್ರಿ ಕಾಕಾ. ನಿಮಗ ಒಗ್ಯಾಕ ಬರಂಗಿಲ್ಲ. ಅದು ಕಾಕುನ ಕೈಗುಣರಿ," ಎಂದೆ.

ಕಾಕಾ ಅರಳಿಬಿಟ್ಟರು. ಮರುದಿನವೇ ಘೋಡಗೇರಿಗೆ ಹೋಗಿ, ಬಾಣಂತಿಯನ್ನೂ ಕೂಸನ್ನೂ ಗಾಡಿಗೆ ಹತ್ತಿಸಿಕೊಂಡು ಕಾಕುವನ್ನು ಕರೆತಂದರು. ಅಂದಿನಿಂದ ಸಂತೆಯಲ್ಲಿ ಹೊಸ ಕೂಗು: "ಸಾಬಾಣ ಕೊಕ್ಕರೀದು, ಕೈ ನಮ್ಮಕೀದು!" ಸಾಬೂನನ್ನು ದೂರಿದರೆ ತನಗೇ ಒಗೆಯಲು ಬರುವುದಿಲ್ಲ ಎಂದಾಗುತ್ತದಲ್ಲ, ಯಾವ ಹೆಂಗಸೂ ಬಾಯಿ ಬಿಡಲಿಲ್ಲ. ಕೊಕ್ಕರೆ ಭರ್ಜರಿಯಾಗಿ ಓಡಿತು.

ಕೆಲವು ವರ್ಷಗಳ ಮೇಲೆ ಕಾಕು ತೀರಿಕೊಂಡರು. ಕಾಕಾ ಮಾಸಿದ ಧೋತರದಲ್ಲೇ ಕಟ್ಟೆಯ ಮೇಲೆ ಕೂರತೊಡಗಿದರು. ಸಾಬೂನು ಕೇಳಿ ಬಂದವರಿಗೆ, "ಸಾಬಾಣ ಐತ್ರಿ... ಕೈ ಹೋತು," ಎನ್ನುತ್ತಿದ್ದರು.

ಈಗ ಕಾಕಾ ಕೂಡ ಇಲ್ಲ. ನಿನ್ನೆ ಆ ಬಿಲ್ಲೆಯಿಂದ ಒಂದು ಕರವಸ್ತ್ರ ತಿಕ್ಕಿದೆ, ಬಹಳ ಹೊತ್ತು ತಿಕ್ಕಿದೆ... ಕೊಳೆ ಹೋಗಲಿಲ್ಲ. ಸಾಬೂನಿನ ತಪ್ಪಲ್ಲ ಕಾಕಾ, ನನಗೆ ಒಗೆಯಲು ಬರುವುದಿಲ್ಲ.