ಬನಹಟ್ಟಿ ತಂಡ, ಒಂದು ಮುರಿದ ಎಲುಬು

ಕುಂದಾಪುರದ ಕಡೆಯವರೆಲ್ಲ ಈಗಾಗಲೇ ನೋಡಿರುವ ಆ ಕಬಡ್ಡಿ ವಿಡಿಯೋದಲ್ಲಿ ಹಳದಿ ಚೂಡಿದಾರದ ಹೆಂಗಸೊಬ್ಬಳು ಕೈಯೆತ್ತಿ ಹೊಡೆಯುತ್ತಾಳಲ್ಲ, ಅವಳು ನಾನು. ಕೆಳಗೆ ಬಿದ್ದ ನಮ್ಮೂರ ಕಡೆಯ ಹುಡುಗನಿಗೇ ಹೊಡೆಯುತ್ತಿದ್ದಾಳೆ ಎಂದು ನಿಮಗೆ ಕಂಡಿದೆ. "ಹೆಂಗಸರೂ ಬಡಿಯುವ ಊರು" ಎಂದು ಒಬ್ಬರು ಅದರ ಕೆಳಗೆ ಬರೆದಿದ್ದಾರೆ. ಬರೆದವರು ನನ್ನ ಜೊತೆ ಹೈಸ್ಕೂಲಿನಲ್ಲಿ ಓದಿದವರು, ಆದರೂ ನನ್ನ ಗುರುತು ಅವರಿಗೆ ಸಿಗಲಿಲ್ಲ. ಹಾಗಾಗಿ ಈ ಊರು, ಈ ತಂಡ ಮತ್ತು ಆ ಏಟಿನ ವಿಚಾರವನ್ನು ನಾನೇ ಬರೆಯುವುದು ವಾಸಿ.

ಗಂಡನಿಗೆ ಮುಧೋಳದ ಕಡೆಯ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು, ನನಗೆ ಬನಹಟ್ಟಿಯ ಎಲುಬಿನ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ. ಮನೆ ಸಿಕ್ಕಿದ್ದು ಮಗ್ಗದ ಮೇಲೆ. ಮಗ್ಗದ ಮೇಲೆ ಎಂದರೆ ನಿಜವಾಗಿಯೂ ಮೇಲೆಯೇ: ಕೆಳಗೆ ಮನೆಯೊಡತಿ ಗಂಗವ್ವನ ಪವರ್‌ಲೂಮುಗಳು, ಮೇಲಿನ ಎರಡು ಕೋಣೆಯಲ್ಲಿ ನಾವು. ಮೊದಲ ವಾರ ನೆಲ ನಡುಗುತ್ತಿದ್ದುದಕ್ಕೆ ನನಗೆ ತಲೆಸುತ್ತು ಬಂದು ಮಲಗಿಬಿಟ್ಟಿದ್ದೆ. ಕುಂದಾಪುರದಲ್ಲಿ ಮಳೆಗಾಲದ ಕಡಲಿನ ಸದ್ದಿಗೆ ನಿದ್ದೆ ಬರುತ್ತಿತ್ತು, ಇಲ್ಲಿ ಕರೆಂಟು ಹೋಗಿ ಮಗ್ಗ ನಿಂತರೆ ಎಚ್ಚರವಾಗುತ್ತದೆ. ಈಗ ಅದೂ ಅಭ್ಯಾಸವಾಗಿದೆ.

ಒಂಟಿತನ ಮಾತ್ರ ಬೇಗ ಅಭ್ಯಾಸವಾಗಲಿಲ್ಲ. ನಾನಾಡುವ ಕನ್ನಡಕ್ಕೆ ಅಂಗಡಿಯವರು ನಗುತ್ತಿದ್ದರು. ಅವರ "ಛಲೋ" ಅಂದರೆ ಒಳ್ಳೆಯದು ಎನ್ನುವುದು ಗೊತ್ತಾಗುವ ತನಕ ನನ್ನನ್ನು ಎಲ್ಲಿಗೋ ಹೊರಡು ಎನ್ನುತ್ತಿದ್ದಾರೆ ಎಂದುಕೊಂಡಿದ್ದೆ. ಆಗ ನನ್ನನ್ನು ಕೈಹಿಡಿದು ಕೂರಿಸಿಕೊಂಡವಳು ಗಂಗವ್ವ. ಗಂಡ ತೀರಿಕೊಂಡ ಮೇಲೆ ಮಗ್ಗ ನಡೆಸಿ ಮಗ ಈರಣ್ಣನನ್ನು ಬೆಳೆಸಿದವಳು. ಶೈಲಾ ಎಂಬ ನನ್ನನ್ನು ಶೈಲವ್ವ ಮಾಡಿದಳು. ಬೆಳಿಗ್ಗೆ ಬಿಸಿ ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ಮೆಟ್ಟಿಲ ಮೇಲೆ ಇಟ್ಟು ಹೋಗುತ್ತಿದ್ದಳು. ನನ್ನ ಗಂಡ ಅನಗವಾಡಿಯಿಂದ ಹೊಳೆಯ ಮೀನು ತಂದ ದಿನ ಮಾತ್ರ ಮೀನು ಮುಟ್ಟದ ಅವಳು ತನ್ನ ಕಿಟಕಿ ಮುಚ್ಚಿಕೊಳ್ಳುತ್ತಿದ್ದಳು, ಮರುದಿನ ರೊಟ್ಟಿ ಎಂದಿನಂತೆ ಬರುತ್ತಿತ್ತು.

ಇಂಥ ಹೆಂಗಸು ಮೊದಲ ಸಲ ನನ್ನನ್ನು ಕಬಡ್ಡಿಗೆ ಕರೆದುಕೊಂಡು ಹೋದ ದಿನ, ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತು, "ಹಿಡೀಲೇ ಈರ್‍ಯಾ, ಬಿಡಬ್ಯಾಡ, ಮುರೀಲೇ ಅವನ ಕಾಲ" ಎಂದು ಒದರಿದಳು. ನಾನು ಸುತ್ತ ನೋಡಿದೆ. ಸುತ್ತಲಿನ ಹೆಂಗಸರೆಲ್ಲ ಅದನ್ನೇ ಒದರುತ್ತಿದ್ದರು. ನಮ್ಮಲ್ಲಿ ಕಬಡ್ಡಿ ಎಂದರೆ ಮ್ಯಾಟು, ವೇದಿಕೆ, ಅತಿಥಿಗಳ ಭಾಷಣ, ಎದುರು ತಂಡದವನು ಚೆನ್ನಾಗಿ ಆಡಿದರೆ ಒಂದು ಚಪ್ಪಾಳೆ. ಇಲ್ಲಿ ಜನ ಕಬ್ಬಿನ ಟ್ರ್ಯಾಕ್ಟರಿನ ಟ್ರೇಲರ್ ಮೇಲೆ ಕೂರುತ್ತಾರೆ, ಎದುರಾಳಿಗೆ ಚಪ್ಪಾಳೆ ತಟ್ಟಿದವರನ್ನು ಕೆಳಗಿಳಿಸುತ್ತಾರೆ. ಒಂದು ಸಲ ನನ್ನನ್ನೂ ಇಳಿಸಿದ್ದರು. ಗಂಗವ್ವ ಬೈದು ಮತ್ತೆ ಹತ್ತಿಸಿಕೊಂಡಳು. ಅಂದಿನಿಂದ ಟ್ರೇಲರಿನಲ್ಲಿ ಅವಳ ಪಕ್ಕ ನನಗೊಂದು ಜಾಗ ಇತ್ತು. ಈ ಊರಿನಲ್ಲಿ ನಾನು ಸಂಪಾದಿಸಿದ್ದು ಏನು ಎಂದು ಕೇಳಿದರೆ ಆ ಜಾಗವನ್ನೇ ತೋರಿಸುತ್ತಿದ್ದೆ.

ದೀಪಾವಳಿ ಮುಗಿದರೆ ಕಬಡ್ಡಿ ಶುರು. ಈ ಸಲ ನಮ್ಮ ಓಣಿಯ ತಂಡ, ಓಣಿ ಎಂದರೆ ನಮ್ಮಲ್ಲಿನ ಕೇರಿ, ಹೋದ ವರ್ಷಕ್ಕಿಂತ ವೇಗವಾಗಿದೆ. ದಾಳಿಗೆ ಹೋಗುವವರು ಇಬ್ಬರು ಹೊಸಬರು ಬಂದಿದ್ದಾರೆ, ಇಬ್ಬರಿಗೂ ತಾಳ್ಮೆ ಇಲ್ಲ. ಹಿಡಿಯುವ ಕೆಲಸವೆಲ್ಲ ಎಡಮೂಲೆಯ ಈರಣ್ಣನ ಮೇಲೆಯೇ ಬೀಳುತ್ತಿದೆ. ರನ್ನ ಬೆಳಗಲಿಯಲ್ಲಿ ಮೊದಲ ಪಂದ್ಯ ಗೆದ್ದೆವು, ಗೆದ್ದದ್ದಕ್ಕೆ ಹೊಡೆತವನ್ನೂ ತಿಂದೆವು. ಬೀಳಗಿಯಲ್ಲಿ ಸೋತೆವು, ಅಲ್ಲಿ ನಮ್ಮವರು ಹೊಡೆದರು. ಎರಡೂ ಸಲ ಮರುದಿನ ನನ್ನ ಎಕ್ಸ್‌ರೇ ಕೋಣೆಯ ಮುಂದೆ ತಂಡದ ಅರ್ಧ ಜನ ನಗುತ್ತ ಕೂತಿದ್ದರು. ನಾನೂ ನಗುತ್ತಲೇ ಅವರ ಬೆರಳು, ಪಕ್ಕೆಗಳ ಚಿತ್ರ ತೆಗೆದೆ.

ಮೂರನೆಯ ಪಂದ್ಯಕ್ಕೆ ಬನಹಟ್ಟಿಗೇ ಕುಂದಾಪುರದ ಕಡೆಯ ತಂಡವೊಂದು ಬಂತು. ಹೊರಗಿನ ತಂಡ ಬಂದರೆ ಮಧ್ಯಾಹ್ನದ ಊಟಕ್ಕೆ ಓಣಿಯವರು ಮನೆಗೆ ಒಬ್ಬೊಬ್ಬರಂತೆ ಕರೆದೊಯ್ಯುವುದು ಇಲ್ಲಿಯ ಪದ್ಧತಿ. ಗಂಗವ್ವ ನನಗಾಗಿಯೇ ಅವರ ಮುಖ್ಯ ದಾಳಿಗಾರ ಸಂದೀಪನನ್ನು ಕರೆತಂದಳು. ಅವನು ರೊಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಒದ್ದಾಡುವುದನ್ನು ಕಂಡು, "ನಿಮ್ಮ ಊರಾವ್ರಿಗಿ ರೊಟ್ಟಿ ಅಂದ್ರ ಹಪ್ಪಳ ಇದ್ದಂಗ. ಅನ್ನಾ ಮಾಡೇನಿ, ಹೊಟ್ಟಿ ತುಂಬ ಉಣ್ಣೋ ಯಪ್ಪಾ" ಎಂದಳು. ಬಡಿಸಿದವನು ಈರಣ್ಣ. ಸಂದೀಪನ ತಟ್ಟೆಗೆ ತುಪ್ಪ ಸುರಿಯುತ್ತ, "ಸಂಜೀಕ ನಿನ್ನ ಬಿಡೂದಿಲ್ಲ ನೋಡಪಾ" ಎಂದ. ಮೂವರೂ ನಕ್ಕರು. ನಾನು ನಮ್ಮ ಭಾಷೆಯಲ್ಲಿ ಸಂದೀಪನ ಜೊತೆ ಮಾತಾಡಿದ್ದೇ ಮಾತಾಡಿದ್ದು, ನನಗದು ಹಬ್ಬದಂತಿತ್ತು.

ನಾಲ್ಕು ಗಂಟೆಯ ಬಿಸಿಲಲ್ಲಿ ಆಟ ಶುರುವಾಯಿತು. ಸಂದೀಪ ನಮ್ಮವರನ್ನು ಸಾಲಾಗಿ ಔಟ್ ಮಾಡಿದ. ಗಂಗವ್ವ ಎದ್ದು ನಿಂತಳು. "ಹಿಡೀಲೇ, ಮುರೀಲೇ" ಶುರುವಾಯಿತು. ಈರಣ್ಣ ಅವನ ಕಾಲನ್ನು ಹಿಡಿದದ್ದು ಚೊಕ್ಕವಾಗಿತ್ತು, ಅದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಆದರೆ ಮೇಲಿಂದ ಇನ್ನಿಬ್ಬರು ಹಾರಿ ಬಿದ್ದರು. ಸಂದೀಪ ಬಲಭುಜದ ಮೇಲೆ ನೆಲಕ್ಕಪ್ಪಳಿಸಿದ. ಎಲುಬು ಮುರಿದ ಸದ್ದು ಟ್ರೇಲರಿಗೆ ಕೇಳಿಸಿತು. ಅವನ ತಂಡದವನೊಬ್ಬ ಬಂದು ಈರಣ್ಣನ ಮೂಗಿಗೆ ಗುದ್ದಿದ, ರಕ್ತ ಚಿಮ್ಮಿತು. ಆಮೇಲೆ ಕುರ್ಚಿಗಳು, ಬಾವುಟದ ಕೋಲುಗಳು, ಚಪ್ಪಲಿಗಳು. ಒಬ್ಬನ ತಲೆ ಒಡೆದು ಅಂಗಿಯೆಲ್ಲ ಕೆಂಪಾಯಿತು. ಗದ್ದಲದ ನಡುವೆ ನಮ್ಮ ಓಣಿಯವನೊಬ್ಬ, "ನಾಟಕಾ ಮಾಡಾಕತ್ತಾನ, ಎಬ್ಬಸ್ರಿ ಅವನ್ನ" ಎನ್ನುತ್ತ ಸಂದೀಪನ ಮುರಿದ ಕಡೆಯ ಕೈಯನ್ನೇ ಹಿಡಿದು ಎಳೆದ. ಸಂದೀಪ ಅಬ್ಬೇ ಎಂದು ಕಿರುಚಿದ. ನಮ್ಮಲ್ಲಿ ಅಮ್ಮನನ್ನು ಹಾಗೆ ಕರೆಯುತ್ತಾರೆಂದು ಆ ಮೈದಾನದಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ಹಗ್ಗ ದಾಟಿ ಓಡಿದೆ. ಎಳೆಯುತ್ತಿದ್ದವನ ಮುಖಕ್ಕೆ ಹೊಡೆದೆ, ಕೈ ಬಿಡುವ ತನಕ ಹೊಡೆದೆ. ನೀವು ನೋಡಿದ್ದು ಅದು. ಗಂಗವ್ವ ನನ್ನ ಹಿಂದೆಯೇ ಓಡಿಬಂದು, "ಈಚೆ ಬಾ ಶೈಲವ್ವ, ನಿನಗೂ ಬಡೀತಾರ" ಎಂದು ರಟ್ಟೆ ಹಿಡಿದು ಎಳೆದಳು. ನಾನು ಅವಳ ಕೈ ಕೊಡವಿ, ಇಡೀ ಊರಿನ ಮುಂದೆ, "ನಿಮ್ಮ ಬಾಯಿಂದಲೇ ಆದದ್ದು ಇದು. ಅನ್ನ ಹಾಕಿ ಮುರಿ ಅಂತೀರಲ್ಲ, ನೀವು ತಾಯಿಯಾ" ಎಂದೆ. ಅವಳ ಕೈ ಕೆಳಗಿಳಿಯಿತು. ತಿರುಗಿ ಹೋದಳು.

ಎಕ್ಸ್‌ರೇ ನಾನೇ ತೆಗೆದೆ. ಕೊರಳ ಬುಡದ ಎಲುಬು ಎರಡು ತುಂಡಾಗಿತ್ತು. ಕತ್ತಲಾಗುವ ಮೊದಲು ಗಂಗವ್ವ ಡಬ್ಬಿಯಲ್ಲಿ ಅನ್ನ, ಸಾರು ತಂದಳು. ಬಲಗೈ ಕಟ್ಟಿಹಾಕಿದ್ದ ಸಂದೀಪನಿಗೆ ತುತ್ತು ಮಾಡಿ ತಿನ್ನಿಸಿದಳು. ಬಾಗಿಲ ಹೊರಗೆ ಈರಣ್ಣ ಮೂಗಿಗೆ ಹತ್ತಿ ತುರುಕಿಕೊಂಡು ತಲೆ ತಗ್ಗಿಸಿ ನಿಂತಿದ್ದ. ಗಂಗವ್ವ ಡಬ್ಬಿ ಮುಚ್ಚಿ ನನ್ನ ಪಕ್ಕದಲ್ಲೇ ಹಾದುಹೋದಳು, ನನ್ನನ್ನು ನೋಡಲಿಲ್ಲ.

ಮರುದಿನದಿಂದ ಮೆಟ್ಟಿಲ ಮೇಲೆ ರೊಟ್ಟಿ ಬರಲಿಲ್ಲ. ಓಣಿಯಲ್ಲಿ ನನ್ನನ್ನು ಕಂಡರೆ ಮಾತು ನಿಲ್ಲುತ್ತಿತ್ತು. ಕೊನೆಗೂ ಶೈಲವ್ವ ತನ್ನವರ ಕಡೆಯೇ ಹೋದಳು ಎಂದು ಅವರ ಲೆಕ್ಕ. ಆಗಲೇ ನನ್ನ ತಮ್ಮ ಊರಿಂದ ಫೋನ್ ಮಾಡಿದ. "ಅಕ್ಕಾ, ಅವ್ರ್ ಮನ್ಷ್ರಾ? ಗಂಟ್ ಮೂಟೆ ಕಟ್ಕಂಡ್ ಬಾ" ಎಂದ. ನನಗೆ ಎಲ್ಲಿಂದ ಸಿಟ್ಟು ಬಂತೋ, ಈರಣ್ಣನ ಹಿಡಿತ ಚೊಕ್ಕವಾಗಿತ್ತು, ಮೊದಲು ಕೈ ಮಾಡಿದವರು ನಿಮ್ಮವರು ಎಂದು ಕೂಗಾಡಿದೆ. ಅವನು, "ನೀ ಈಗ ಅವ್ರ್ ಬದಿಯವ್ಳ್" ಎಂದು ಫೋನ್ ಇಟ್ಟ. ಕೆಳಗಿನ ಓಣಿಯಲ್ಲೂ ಜಾಗವಿಲ್ಲ, ತವರಿನಲ್ಲೂ ಇಲ್ಲ ಎನಿಸಿ ಮಗ್ಗದ ಸದ್ದಿನಲ್ಲಿ ಯಾರಿಗೂ ಕೇಳದಂತೆ ಅತ್ತೆ.

ಜಮಖಂಡಿಯಲ್ಲಿ ನಾಲ್ಕನೆಯ ಪಂದ್ಯ. ಟ್ರ್ಯಾಕ್ಟರ್ ಹೊರಡುವ ಹೊತ್ತಿಗೆ ಕೆಳಗಿನಿಂದ ಗಂಗವ್ವನ ದನಿ ಬಂತು: "ಬರಾಕಿದ್ರ ಬಾ." ಅಷ್ಟೇ. ಚಪ್ಪಲಿ ಸರಿಯಾಗಿ ಮೆಟ್ಟದೆ ಇಳಿದೆ. ದಾರಿಯುದ್ದಕ್ಕೂ ಅವಳು ಕಬ್ಬಿನ ಹೊಲಗಳ ಕಡೆ ಮುಖ ಮಾಡಿ ಕೂತಳು, ನನಗೂ ಕ್ಷಮಿಸಿ ಎನ್ನಲು ಬಾಯಿ ಬರಲಿಲ್ಲ. ಮೈದಾನದಲ್ಲಿ ಅವಳು ಎದ್ದು ನಿಲ್ಲಲೂ ಇಲ್ಲ, ಒದರಲೂ ಇಲ್ಲ. ಸೆರಗು ಹೊದ್ದು ಕೂತಿದ್ದಳು. ಈರಣ್ಣ ಎರಡು ಸಲ ಈ ಕಡೆ ನೋಡಿದ, ಎರಡು ಸಲವೂ ಅವನ ಹಿಡಿತ ತಪ್ಪಿತು.

ಪಕ್ಕದ ಟ್ರೇಲರಿನಿಂದ ಜಮಖಂಡಿಯವನೊಬ್ಬ ಎಲ್ಲರಿಗೂ ಕೇಳುವಂತೆ, "ಅನ್ನಾ ಹಾಕಿ ಎಲುಬ ಮುರಿಯೂ ತಾಯಿ ಬಂದಾಳ ನೋಡ್ರಿ" ಎಂದ. ಅದು ನನ್ನದೇ ಮಾತು. ನಾನು ಮೈದಾನದಲ್ಲಿ ಬಿಸಾಡಿ ಬಂದದ್ದು ಊರೂರು ತಿರುಗಿ ಅವನ ಬಾಯಿಗೆ ಬಂದಿತ್ತು. ಗಂಗವ್ವ ತಲೆ ತಗ್ಗಿಸಿದಳು. ನಾನು ಟ್ರೇಲರಿನಿಂದ ಹೇಗೆ ಇಳಿದೆನೋ ನೆನಪಿಲ್ಲ. ಅವನ ಕಾಲರ್ ಹಿಡಿದು ಕೆಳಗೆಳೆದು ಕೆನ್ನೆಗೆ ಬಾರಿಸಿದೆ. "ಬಾಯ್ ಮುಚ್ತ್ಯಾ, ಇಲ್ಲ ಹಲ್ಲ್ ಉದುರ್ಸ್ಕಾ?" ಎಂದು ಮತ್ತೊಂದು ಕೊಟ್ಟೆ. ಅವನು ತಿರುಗಿ ಹೊಡೆಯಲಿಲ್ಲ, ಬೆರಗಾಗಿ ನನ್ನನ್ನೇ ನೋಡಿದ. "ಇದ್ಯಾವ ಊರ ಮಾತ? ಯಾರೀಕಿ?"

ಗಂಗವ್ವ ಬಂದು ನಮ್ಮಿಬ್ಬರ ನಡುವೆ ನಿಂತಳು. "ನಮ್ಮ ಮನಿ ಮಗಳ" ಎಂದಳು. ನನ್ನ ರಟ್ಟೆ ಹಿಡಿದು ಟ್ರೇಲರ್ ಹತ್ತಿಸಿದಳು. ಈ ಸಲ ನಾನು ಆ ಕೈ ಕೊಡವಲಿಲ್ಲ. ಕೂತ ಮೇಲೆ ನನ್ನ ಉರಿಯುತ್ತಿದ್ದ ಅಂಗೈಯನ್ನು ತನ್ನ ಸೆರಗಿನಲ್ಲಿ ಒರೆಸುತ್ತ ಸಣ್ಣ ದನಿಯಲ್ಲಿ, "ಬಡಿಯೂದ ನಮ್ಮಾಂಗ ಕಲ್ತಿ. ಬೈಯೂದ ಇನ್ನೂ ನಿಮ್ಮೂರಾಗ ಐತಿ" ಎಂದಳು. ಹೌದು ಎಂದೆ. ಅಷ್ಟರಲ್ಲಿ ಈರಣ್ಣ ಮತ್ತೊಬ್ಬನ ಕಾಲಿಗೆ ಕೈ ಹಾಕಿದ, ನಾವಿಬ್ಬರೂ ಬಾಯಿ ಮುಚ್ಚಿಕೊಂಡು ನೋಡುತ್ತ ಕೂತೆವು.