ತೊಟ್ಟಿಗೆ ಹಣ್ಣು ಸುರಿದವನು ನಾನು

ಮಸ್ಕಿಯ ಆ ಗ್ಯಾಸ್ ತೊಟ್ಟಿಯನ್ನು ಕೆಡಿಸಿದವಳು ಈರಮ್ಮ ಅಲ್ಲ. ನಾನು. ಆ ತಪ್ಪನ್ನು ಅವಳ ತಲೆಗೆ ಕಟ್ಟಿದವನೂ ನಾನೇ.

ಎಂಬತ್ತರ ದಶಕದ ಕೊನೆಯ ವರ್ಷಗಳು. ಲಿಂಗಸುಗೂರು ರಸ್ತೆಯ ಬದಿ ಮಾವಿನ ರಸ ತೆಗೆದು ಡಬ್ಬಿಗೆ ತುಂಬುವ ಸಣ್ಣ ಕಾರ್ಖಾನೆ. ಡಿಪ್ಲೊಮಾ ಮುಗಿಸಿದ್ದ ನಾನು ಅಲ್ಲಿ ಸೂಪರ್‌ವೈಸರ್. ರಾಶಿ ಬೀಳುತ್ತಿದ್ದ ಸಿಪ್ಪೆ, ನಾರನ್ನು ಸಗಣಿಯೊಂದಿಗೆ ಕಲಸಿ ಮುಚ್ಚಿದ ತೊಟ್ಟಿಗೆ ಬಿಡುವುದು, ಹುಟ್ಟುವ ಗ್ಯಾಸಿನಿಂದ ಎಂಜಿನ್ ಓಡಿಸಿ ಕರೆಂಟು ಮಾಡುವುದು — ಯೋಜನೆ ನನ್ನದು. ಊರಿಗೆಲ್ಲ ಕರೆಂಟು ಹೋದಾಗಲೂ ನಮ್ಮ ಶೆಡ್ಡಿನಲ್ಲಿ ಫ್ಯಾನು ತಿರುಗುತ್ತಿತ್ತು. ಹೊಗಳಿಕೆ ನನಗೆ ಸಿಗುತ್ತಿತ್ತು. ತೊಟ್ಟಿಯನ್ನು ನಡೆಸುತ್ತಿದ್ದವಳು ಮಾತ್ರ ಈರಮ್ಮ. ಮುಕ್ಕುಂದದವಳು, ಗಂಡನ ಜೊತೆ ದುಡಿಯಲು ಮಸ್ಕಿಗೆ ಬಂದವಳು. ಎಷ್ಟು ಸಿಪ್ಪೆಗೆ ಎಷ್ಟು ಸಗಣಿ, ಯಾವಾಗ ನಿಲ್ಲಿಸಬೇಕು — ವಾಸನೆಯಿಂದಲೇ ಹೇಳುತ್ತಿದ್ದಳು. ಅದು ನನಗೆ — ಬರೆಯಲೂ ನಾಚಿಕೆ — ಸಹಿಸಲಾಗುತ್ತಿರಲಿಲ್ಲ.

ಯಾರೋ ದೊಡ್ಡ ಅಧಿಕಾರಿಗಳು ನೋಡಲು ಬರುವವರಿದ್ದರು. ಗ್ಯಾಸು ಹೆಚ್ಚು ಬೇಕು, ರಸ ತೆಗೆಯುವ ಯಂತ್ರವನ್ನೂ ಅದರಲ್ಲೇ ಓಡಿಸಿ ತೋರಿಸಬೇಕು ಎಂದು ನನಗೆ ಹಟ.

"ಬ್ಯಾಡ್ರಿ ಸಾಹೇಬ್ರ, ಹುಳಿ ವಾಸನಿ ಬರಾಕತ್ತೈತಿ. ಎರಡ ದಿನ ಅದರ ಹೊಟ್ಟಿ ಖಾಲಿ ಬಿಡ್ರಿ," ಎಂದಳು ಈರಮ್ಮ.

"ನೀ ನನಗ ಕಲಿಸ್ತೀ ಏನು?" ಎಂದೆ.

ಅಂದು ಮಧ್ಯಾಹ್ನ ಕೆಲಸದ ಹೆಂಗಸರು ಬುತ್ತಿ ಬಿಚ್ಚಲು ಹೋದಾಗ ಕೊಳೆತ ಹಣ್ಣಿನ ರಾಶಿಯನ್ನೆಲ್ಲ ನಾನೇ ತೊಟ್ಟಿಗೆ ಸುರಿದೆ. ಸಗಣಿಯನ್ನೂ ಹಾಕಲಿಲ್ಲ.

ಅಧಿಕಾರಿಗಳು ಬಂದ ದಿನ ತೊಟ್ಟಿ ಹುಳಿತು ಗ್ಯಾಸೇ ನಿಂತುಹೋಗಿತ್ತು; ಎಂಜಿನ್ ಎರಡು ಸಲ ಕೆಮ್ಮಿ ನಿಂತಿತು. ಅವರು ಹೊರಟ ಮೇಲೆ ಕಾರ್ಖಾನೆಯ ಧಣಿ, ಹದಿನಾಲ್ಕು ಹೆಂಗಸರ ಎದುರು, ಯಾರು ಕೆಡಿಸಿದ್ದು ಎಂದು ಕೇಳಿದರು. ಆಗ ನಾನು — ಯಾರೂ ಬಲವಂತ ಮಾಡಿರಲಿಲ್ಲ, ಸುಮ್ಮನಿದ್ದರೂ ಆಗುತ್ತಿತ್ತು —

"ಈರಮ್ಮಗ ಬ್ಯಾಡಂತ ಹೇಳಿದ್ನ್ರಿ," ಎಂದೆ.

ಅವಳು ನನ್ನನ್ನೇ ನೋಡಿದಳು. "ನಿಮಗ ಗೊತ್ತೈತ್ರಿ," ಎಂದಳು, ಅಷ್ಟೇ. ಕಂಕುಳಲ್ಲಿದ್ದ ಬುಟ್ಟಿ ಇಳಿಸಿ ಹೋದಳು. ಅಲ್ಲೇ ಹಮಾಲಿ ಮಾಡುತ್ತಿದ್ದ ಅವಳ ಗಂಡ ಮಂದಿಯ ಮಾತು ತಾಳಲಾರದೆ ಅವಳನ್ನು ಕರೆದುಕೊಂಡು ಊರು ಬಿಟ್ಟ. ತೊಟ್ಟಿಯನ್ನೂ ಕಲ್ಲು ಹಾಕಿ ಮುಚ್ಚಿದರು.

ತೊಂಬತ್ತರ ದಶಕ ಮುಗಿಯುತ್ತಿದ್ದಾಗ ಮುಕ್ಕುಂದಕ್ಕೆ ಹೋದೆ. ಅಷ್ಟು ವರ್ಷ ಯಾಕೆ ಹೋಗಲಿಲ್ಲ — ಹೇಳಿಕೊಳ್ಳುವಂಥ ಕಾರಣ ಇಲ್ಲ. ಗದ್ದೆಯಲ್ಲಿ ನೆಲ್ಲಿನ ಸಸಿ ಹಚ್ಚುತ್ತಿದ್ದ ಈರಮ್ಮ ಬದುವಿಗೆ ಬಂದು ಕೆಸರು ಕೈ ತೊಳೆದುಕೊಂಡಳು. ನಾನೇ ಸುರಿದದ್ದು ಎಂದೆ.

"ಅದು ನನಗ ಅವತ್ತ ಗೊತ್ತಿತ್ತಲ್ರೀ. ಗೊತ್ತಿಲ್ಲದವ್ರಿಗೆ ಹೇಳ್ರಿ. ನನ್ನ ಗಂಡ ಸಾಯೋತನಕ ನಾನ ಕೆಡಿಸೀನಂತ ತಿಳಕೊಂಡಿದ್ದ."

ಸೆರಗಿಗೆ ಕೈ ಒರೆಸಿಕೊಂಡು ಮತ್ತೆ ಅಂದಳು: "ಸುಣ್ಣದ ನೀರು ಹಾಕಿ, ಮತ್ತೇನೂ ಹಾಕದ ಬಿಟ್ಟಿದ್ರ ಗ್ಯಾಸ್ ತಿರುಗಿ ಬರ್ತಿತ್ತು. ಯಾರೂ ನನ್ನ ಕೇಳಲಿಲ್ಲ."

ಅವಳು ಗದ್ದೆಗೆ ಇಳಿದಳು. ನಾನು ಬಸ್ಸು ಹತ್ತಿದೆ — ಸೀಟು ಖಾಲಿಯಿದ್ದರೂ ಸಿಂಧನೂರು ಬರುವವರೆಗೆ ನಿಂತೇ ಹೋದೆ.

ಧಣಿಗೆ ಹೇಳಿದೆ. "ಹಳೇದು ಯಾಕ ತಗೀತೀರಿ, ಬಿಡ್ರಿ," ಎಂದರು. ಬಿಟ್ಟಿಲ್ಲ. ಅಂದು ಶೆಡ್ಡಿನಲ್ಲಿ ನಿಂತಿದ್ದವರಲ್ಲಿ ಮೂವರು ಸಿಕ್ಕರು, ಹೇಳಿದೆ. ಒಬ್ಬಳು ಪೂರ್ತಿ ಕೇಳಿಸಿಕೊಂಡು ನನ್ನ ಮುಖದೆದುರೇ ಬಾಗಿಲು ಹಾಕಿದಳು. ನಾಲ್ಕನೆಯವಳು ದಢೇಸುಗೂರಿನಲ್ಲಿದ್ದಾಳಂತೆ. ನಾಳೆ ಅಲ್ಲಿಗೆ ಹೋಗುತ್ತೇನೆ.