ಎಮ್ಮೆಗೊಂದು ಹಳದಿ ಚೀಟಿ

ಮೇಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ತಪಾಸಣೆ ನನ್ನ ಕೆಲಸ. ಬೇರೆಯವರು ಮಾಡಿದ್ದರಲ್ಲಿ ಹುಳುಕು ಹುಡುಕುವುದಕ್ಕೇ ಇಪ್ಪತ್ತಾರು ವರ್ಷಗಳಿಂದ ಸಂಬಳ ತೆಗೆದುಕೊಳ್ಳುತ್ತಿದ್ದೇನೆ. ಆ ಬುದ್ಧಿ ಗೇಟಿನಲ್ಲೇ ನಿಲ್ಲುವುದಿಲ್ಲ, ಸಂಜೆ ಬಸ್ಸು ಹತ್ತಿ ನನ್ನ ಜೊತೆ ಅಶೋಕಪುರಂನ ಮನೆಗೂ ಬರುತ್ತದೆ. ಬೆಳಿಗ್ಗೆ ಸ್ನಾನ ಮಾಡಿ ಇಷ್ಟಲಿಂಗವನ್ನು ಎಡಗೈಯಲ್ಲಿಟ್ಟುಕೊಂಡು ಕೂತರೆ ಕಣ್ಣು ಲಿಂಗದ ಮೇಲೆ, ಮನಸ್ಸು ಗ್ಯಾಸ್ ಸಿಲಿಂಡರಿನ ಮೇಲೆ. ಹೆಂಡತಿ ಗದರಿ ಗದರಿ ಸಾಕಾಗಿ ನನ್ನನ್ನು ನನ್ನ ಪಾಡಿಗೆ ಬಿಟ್ಟಿದ್ದಾಳೆ.

ಹೋದ ವರ್ಷ ಮಗಳಿಗೆ ರಾಜೀವನಗರದ ಒಂದು ಶಿಶುವಿಹಾರದಲ್ಲಿ ಕೆಲಸ ಸಿಕ್ಕಿತು. ಸ್ಕೂಟರಿನಲ್ಲಿ ಹೋಗಿ ಬರುತ್ತೇನೆ ಎಂದಳು. ಇಪ್ಪತ್ಮೂರು ವರ್ಷದವಳಿಗೆ ಬೇಡ ಎನ್ನಲು ನನಗೆ ಯಾವ ಮುಖ? ಹೂಂ ಅಂದೆ. ಮಾರನೆಯ ದಿನದಿಂದಲೇ ಎಂಟೂವರೆಯಿಂದ ಒಂಬತ್ತರವರೆಗೆ ನಿಂತಲ್ಲಿ ನಿಲ್ಲಲಾಗದ ಹಾಗಾಯಿತು. ಸಿಟಿ ಬಸ್ಸು, ಜಲ್ಲಿಯ ಲಾರಿ, ಅಡ್ಡ ನುಗ್ಗುವ ನಾಯಿ, ಎಲ್ಲವೂ ಅವಳೊಬ್ಬಳಿಗಾಗಿಯೇ ರಸ್ತೆಗೆ ಇಳಿದಿವೆ ಅನ್ನಿಸುತ್ತಿತ್ತು. ಅಂಗೈ ಬೆವರಿ ಅಳತೆಯ ಸಾಮಾನು ಜಾರುತ್ತಿತ್ತು. ಕೊನೆಗೆ ತಡೆಯಲಾಗದೆ ಫೋನ್ ಮಾಡುತ್ತಿದ್ದೆ. ತಲುಪಿದೆ ಅನ್ನುತ್ತಿದ್ದಳು. ಆಮೇಲಷ್ಟೇ ನನ್ನ ದಿನ ಶುರುವಾಗುತ್ತಿತ್ತು.

ಇದನ್ನು ಗಮನಿಸಿದವರು ನಮ್ಮ ಸ್ಟೋರ್ಸ್ ನೋಡಿಕೊಳ್ಳುವ ಮೇಡಂ. ನನಗಿಂತ ನಾಲ್ಕು ವರ್ಷ ದೊಡ್ಡವರು, ಭಾನುವಾರ ಚರ್ಚು ತಪ್ಪಿಸುವವರಲ್ಲ. ಅವರಿಗೂ ಈ ಕಾಯಿಲೆ ಇತ್ತಂತೆ. ಚರ್ಚಿನ ಪೂಜೆಯ ಮಧ್ಯೆ ಇಸ್ತ್ರಿಪೆಟ್ಟಿಗೆ ಆರಿಸಿದೆನೋ ಇಲ್ಲವೋ ಎಂಬ ಚಿಂತೆ ಹತ್ತಿದರೆ, ಆ ಚಿಂತೆಯನ್ನು ತಲೆಗೆ ಮುಸುಕು ಹಾಕಿಕೊಂಡ ದಪ್ಪ ಕೋಳಿ ಎಂದು ಕಲ್ಪಿಸಿಕೊಂಡು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾರಂತೆ. ಕೋಳಿ ಬಾಯಿ ತೆಗೆದಾಗಲೆಲ್ಲ, ಸುಮ್ಮನಿರು, ಫಾದರ್ ನೋಡುತ್ತಾರೆ ಎಂದು ಒಳಗೊಳಗೇ ಗದರುತ್ತಾರಂತೆ. ಅಷ್ಟರಲ್ಲಿ ನಗು ಬಂದು ಎದೆ ಹಗುರಾಗುತ್ತದಂತೆ. ನೀವೂ ನಗು ಬರುವಂಥದ್ದು ಏನಾದರೂ ಮಾಡಿಕೊಳ್ಳಿ ಎಂದರು.

ನಾನು ನನ್ನ ಚಿಂತೆಯನ್ನು ಎಮ್ಮೆ ಮಾಡಿಕೊಂಡೆ. ಎಂಟೂವರೆಗೆ ಸರಿಯಾಗಿ ಅದು ನನ್ನ ತಪಾಸಣೆ ಮೇಜಿನ ಮೇಲೆ ಹತ್ತಿ ಮೆಲುಕು ಹಾಕುತ್ತ ನಿಲ್ಲುತ್ತಿತ್ತು. ಮೊದಲ ವಾರ ನಿಜಕ್ಕೂ ನಗು ಬಂತು. ಅಷ್ಟಕ್ಕೆ ಬಿಟ್ಟಿದ್ದರೆ ಚೆನ್ನಾಗಿತ್ತು.

ನಮ್ಮಲ್ಲೊಂದು ಪದ್ಧತಿಯಿದೆ. ಸರಿಯಿದೆ ಎನ್ನಲೂ ಆಗದ, ತಳ್ಳಿಹಾಕಲೂ ಆಗದ ಮಾಲಿಗೆ ಹಳದಿ ಚೀಟಿ ಕಟ್ಟಿ ಜಾಲರಿಯ ಗೂಡಿಗೆ ಹಾಕಿ ಬೀಗ ಜಡಿಯುತ್ತೇವೆ. ಪುರಾವೆ ಸಿಕ್ಕುವವರೆಗೆ ಅದು ಹೊರಗೆ ಬರುವಂತಿಲ್ಲ. ಎಮ್ಮೆಯ ಕೊಂಬಿಗೂ ಒಂದು ಹಳದಿ ಚೀಟಿ ಕಟ್ಟಿದೆ. ಗೂಡಿಗೆ ಅಟ್ಟಿದೆ. ಚೀಟಿಗೆ ನಂಬರು ಬೇಡವೇ? ಹಾಕಿದೆ. ಕಾರಣ, ಸಮಯ, ಅದನ್ನೂ ಬರೆದೆ. ಎಲ್ಲ ಮನಸ್ಸಿನಲ್ಲೇ. ಇನ್ನು ಎಮ್ಮೆಯನ್ನು ಬಿಡುಗಡೆ ಮಾಡಬೇಕೆಂದರೆ ಪುರಾವೆ ಬೇಕಲ್ಲ! ಪುರಾವೆ ಎಂದರೆ ಮಗಳ ದನಿ. ಮೊದಲು ಒಂದು ಸಲ ಮಾಡುತ್ತಿದ್ದ ಫೋನು ಈಗ ಎಂಟು ಮೂವತ್ತೈದಕ್ಕೆ, ನಲವತ್ತೈದಕ್ಕೆ, ಐವತ್ತೈದಕ್ಕೆ ಹೋಗತೊಡಗಿತು. ಕೆಲವು ತಿಂಗಳು ಹೀಗೇ ನಡೆದ ಮೇಲೆ ಮೇಡಂಗೆ ಇದನ್ನು ಹೆಮ್ಮೆಯಿಂದ ವಿವರಿಸಿದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

“ಆಟ ಆಡ್ಕೊಳಿ ಅಂದ್ರೆ ಆಡಿಟ್ ಮಾಡ್ಕೊಂಡು ಕೂತಿದ್ದೀರಲ್ರೀ.”

ನನಗೆ ಮೂಗಿನ ತುದಿಯಲ್ಲೇ ಕೋಪ. ಎರಡು ದಿನ ಅವರ ಜೊತೆ ಮಾತು ಬಿಟ್ಟೆ.

ಆಮೇಲಿನ ಗುರುವಾರ, ಎಂಟು ನಲವತ್ತೈದರ ಫೋನನ್ನು ಮಗಳು ತೆಗೆದಳು, ಆದರೆ ಮಾತು ಬರಲಿಲ್ಲ. ಏನೋ ನೆಲಕ್ಕೆ ಉಜ್ಜಿಕೊಂಡು ಹೋದ ಸದ್ದು. ಸ್ವಲ್ಪ ಹೊತ್ತಾದ ಮೇಲೆ ಅದೇ ಫೋನಿನಲ್ಲಿ ಯಾರೋ ಗಂಡಸು ಮಾತಾಡಿ, ಗಾಬರಿಯಾಗಬೇಡಿ, ಹುಡುಗಿ ಎದ್ದು ಕೂತಿದ್ದಾಳೆ ಎಂದು ಒಂದು ಕ್ಲಿನಿಕ್ಕಿನ ಗುರುತು ಹೇಳಿದರು. ಆಟೋದಲ್ಲಿ ನಾನು ಹೇಗೆ ಕೂತಿದ್ದೆನೋ ನನಗೇ ಗೊತ್ತಿಲ್ಲ.

ಮೊಣಕೈ ತರಚಿತ್ತು, ಮಂಡಿಗೆ ಪಟ್ಟಿ ಕಟ್ಟಿದ್ದರು. ಮೂಳೆಗೆ ಏನೂ ಆಗಿರಲಿಲ್ಲ. ಅದು ಗೊತ್ತಾದ ಕೂಡಲೇ ನನ್ನ ಬೈಗುಳ ಶುರುವಾಯಿತು. ಎಷ್ಟು ಸಲ ಹೇಳಿದ್ದೆ, ನಿಧಾನಕ್ಕೆ ಹೋಗು ಅಂತ. ಅವಳು ಪೂರ್ತಿ ಕೇಳಿಸಿಕೊಂಡಳು.

“ನಿಮ್ಮ ಫೋನ್ ತೆಗೆಯೋಕೆ ಹೋಗಿ ಬಿದ್ದೆ ಅಪ್ಪ.”

ಗಾಡಿ ಓಡಿಸುವಾಗ ಯಾಕೆ ತೆಗೆಯಬೇಕಿತ್ತು ಎಂದೆ. ತೆಗೆಯದಿದ್ದರೆ ನೀವು ಸ್ಕೂಲಿಗೆ ಮಾಡುತ್ತೀರಲ್ಲ ಎಂದಳು. ನಿಜ, ಎರಡು ಸಲ ಮಾಡಿದ್ದೆ. ಅವಳು ಪಟ್ಟಿಯ ಅಂಚನ್ನು ಉಗುರಿನಿಂದ ಕೆರೆಯುತ್ತ ಇನ್ನೊಂದು ಮಾತು ಹೇಳಿದಳು.

“ದಸರಾ ರಜಕ್ಕೆ ಮುಂಚೇನೂ ಒಂದ್ಸಲ ಬಿದ್ಬುಟ್ಟಿದ್ದೆ. ಆಗ್ಲೂ ಫೋನ್ ಮಾಡಿದ್ರಿ. ರೋಡಲ್ಲಿ ಕೂತ್ಕೊಂಡೇ ತಲುಪಿದೆ ಅಂದೆ. ನಿಜ ಹೇಳಿದ್ರೆ ನೀವು ತಡ್ಕೊಳಲ್ಲ ಕಣಪ್ಪ.”

ಮೊದಲು ಬಂದದ್ದು ಸಿಟ್ಟು, ಸುಳ್ಳು ಯಾಕೆ ಹೇಳಲಿ. ಆಮೇಲೆ ನಾಚಿಕೆಯಾಯಿತು. ಆ ದಿನವೂ ನಾನು ಚೀಟಿ ಬಿಚ್ಚಿ, ಎಮ್ಮೆಯನ್ನು ಹೊರಗೆ ಬಿಟ್ಟು, ನೆಮ್ಮದಿಯಾಗಿ ಟೀ ಕುಡಿದಿರಬೇಕು. ನನ್ನ ಮಗಳು ಬಿದ್ದ ಜಾಗದಲ್ಲೇ ರಸ್ತೆಯಲ್ಲಿ ಕೂತು ನನ್ನನ್ನು ಸಮಾಧಾನ ಮಾಡಿದ್ದಳು. ಇಷ್ಟು ತಿಂಗಳು ನಾನು ಕೂಡಿಟ್ಟ ಪುರಾವೆಗಳಲ್ಲಿ ಎಷ್ಟು ನಿಜವೋ ಎಷ್ಟು ನನ್ನ ಮೇಲಿನ ಕರುಣೆಯೋ, ಇವತ್ತಿಗೂ ಗೊತ್ತಿಲ್ಲ.

ಹದಿನೈದು ದಿನ ಕಳೆದು ಅವಳು ಮತ್ತೆ ಸ್ಕೂಟರ್ ಹತ್ತಿದಳು. ಫೋನ್ ಮಾಡುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ಎಂಟೂವರೆಗೆ ಎಮ್ಮೆ ಬಂತು. ಈ ಸಲ ಚೀಟಿ ಹುಡುಕಲಿಲ್ಲ. ಹೋಗು ಎಂದು ಮಗಳ ಹಿಂದಿನ ಸೀಟಿಗೇ ಹತ್ತಿಸಿದೆ. ಒಂದು ಕೊಂಬಿಗೆ ಹೆಲ್ಮೆಟ್ಟು ಸಿಕ್ಕಿಸಿಕೊಂಡು, ಎರಡು ಕಾಲಿನಲ್ಲಿ ಅವಳ ಸೊಂಟ ತಬ್ಬಿ, ಥೇಟ್ ನನ್ನದೇ ದನಿಯಲ್ಲಿ, ನಿಧಾನ ಕಣಮ್ಮ, ನಿಧಾನ ಎಂದು ಅರಚುತ್ತ ಹೋಗುತ್ತಿತ್ತು. ಮಷೀನಿನ ಮುಂದೆ ಒಬ್ಬನೇ ನಕ್ಕೆ. ಆದರೂ ಗಡಿಯಾರ ನೋಡುತ್ತಲೇ ಇದ್ದೆ. ಒಂಬತ್ತಾಯಿತು, ಒಂಬತ್ತೂವರೆಯಾಯಿತು. ನಾಲ್ಕು ಸಲ ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದುಕೊಂಡು ಬಂದೆ. ಜೇಬಿನ ಫೋನನ್ನು ಮುಟ್ಟಿ ಮುಟ್ಟಿ ಬಿಟ್ಟೆ.

ಸಂಜೆ ಅವಳು ಚಪ್ಪಲಿ ಬಿಡುತ್ತಲೇ, ನಾನು ಏನೂ ಕೇಳದೆಯೇ, ಹೇಳಿದಳು. ಬೆಳಿಗ್ಗೆ ಒಂದು ಆಟೋ ಅಡ್ಡ ಬಂದು ಗಾಡಿಯ ಕನ್ನಡಿ ಒಡೆದುಹೋಯಿತಂತೆ. ಪಕ್ಕಕ್ಕೆ ನಿಲ್ಲಿಸಿ ಅತ್ತಳಂತೆ. ಬೈಗುಳವೆಲ್ಲ ನಾಲಗೆಯ ತುದಿಗೆ ಬಂದು ನಿಂತಿತ್ತು.

“ಆಮೇಲೆ?” ಎಂದೆ.

ಅವಳು ಒಂದು ಕ್ಷಣ ನನ್ನ ಮುಖ ನೋಡಿದಳು. ಕುರ್ಚಿ ಎಳೆದುಕೊಂಡು ಎದುರಿಗೆ ಕೂತು ಉಳಿದದ್ದನ್ನೂ ಹೇಳತೊಡಗಿದಳು.